ಎರಡು ಕೋಣೆಯ ಮಣ್ಣು

ಒಂದು ಚೀಲ ಒಳ್ಳೆಯ ಜೇಡಿಮಣ್ಣೆಂದರೆ ನಾನು ಹದಿನಾಲ್ಕು ದಿಂಬಿನ ಚೀಲ ಹೊಲಿಯಬೇಕು. ಅದನ್ನು ಕುಂಬಾರಿಕೆಯ ಗೂಡಿನಲ್ಲಿ ಸುಡಿಸುವುದಕ್ಕೆ ಇನ್ನೊಂದು ಆರು. ನನ್ನ ತಂಗಿಯ ಒಂದು ವಾರದ ಮಾತ್ರೆಗೆ ಎಷ್ಟು ದಿಂಬು ಎಂದು ಲೆಕ್ಕ ಹಾಕುವುದನ್ನು ನಾನು ಬೇಗ ಬಿಟ್ಟುಬಿಟ್ಟೆ. ಕೆಲವು ಲೆಕ್ಕ ಹಾಕಿದರೆ ಹೊಲಿಯುವ ಕೈ ಓಡುವುದಿಲ್ಲ. ತಂಗಿಯ ಮಗಳು ಗುಬ್ಬಿ ಮಾತ್ರ ಎಲ್ಲವನ್ನೂ ಬಾಯಿ ಬಿಡದೆ ಲೆಕ್ಕ ಹಾಕುತ್ತಿದ್ದಳು. ಅದಕ್ಕೇ ಅವಳು ಮಣ್ಣಿಗೆ ನನ್ನ ಹತ್ತಿರ ದುಡ್ಡು ಕೇಳಲಿಲ್ಲ.

ಗುಬ್ಬಿ ವಿಶ್ವವಿದ್ಯಾಲಯದಲ್ಲಿ ಕಲೆ ಓದುತ್ತಿದ್ದಳು. ಅವಳ ಕೋರ್ಸಿನಲ್ಲಿ ಇದೊಂದೇ ವಿದ್ಯೆ ಎಂಬುದಿರಲಿಲ್ಲ. ಬೆಳಿಗ್ಗೆ ಚಿತ್ರ, ಮಧ್ಯಾಹ್ನ ಅಚ್ಚಿನ ಚಿತ್ರ, ಮರುದಿನ ಶಿಲ್ಪ, ಆಮೇಲೆ ಕುಂಬಾರಿಕೆ. ಕೊನೆಯ ವರ್ಷ ಒಂದು ಕೆಲಸ ಮಾಡಿ ಒಪ್ಪಿಸಬೇಕು. ಅದು ಕಡಿಮೆಯೆಂದರೂ ಎರಡು ವಿಭಾಗ ಹಾದು ಬಂದಿರಬೇಕು.

"ಹತ್ತು ಕಡೆ ಮೊಳ ಮೊಳ ಅಗೆದರೆ ಬಾವಿ ಆಗಲ್ಲ ಕಣೇ," ಎಂದು ತಂಗಿ ಹಂಗಿಸುತ್ತಿದ್ದಳು.

"ಬಾವಿ ಯಾರಿಗೆ ಬೇಕಮ್ಮ? ನಂಗೆ ಅಗೆಯೋದೇ ಇಷ್ಟ."

"ನೋಡಕ್ಕ, ಇವಳಿಗೆ ಈ ನಾಲಗೆ ಎಲ್ಲಿಂದ ಬಂತು?"

"ಕನ್ನಡಿ ತಂದುಕೊಡಲಾ?" ಎಂದೆ ನಾನು.

ಗಂಡ ತೀರಿಕೊಂಡ ಮೇಲೆ ತಂಗಿ ಮಗಳ ಜೊತೆ ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೇ ಬಂದಿದ್ದಳು. ಕಾಯಿಲೆ ಬರುವವರೆಗೂ ಹೆಂಗಸರ ಕೂದಲು ಕತ್ತರಿಸುವ ಕೆಲಸ. ಅವಳ ಬಾಯಿಗೆ ಹೆದರಿ ಕೆಲವರು ಬರುತ್ತಿರಲಿಲ್ಲ, ಅದೇ ಬಾಯಿಗಾಗಿ ಮಿಕ್ಕವರು ಬರುತ್ತಿದ್ದರು. ಏನಾದರೂ ಚುಚ್ಚುವ ಮಾತು ಬರಲಿದೆ ಎಂದರೆ ಮೊದಲು ಅವಳ ತುಟಿಯ ತುದಿ ಏಳುತ್ತಿತ್ತು, ಆಮೇಲೆ ಮಾತು. ಫೋಟೊ ತೆಗೆಯುವಾಗ ಮಾತ್ರ ಕಷಾಯ ಕುಡಿದವಳ ಹಾಗೆ ತುಟಿ ಬಿಗಿದು ನಿಲ್ಲುವಳು. ಮನೆಯಲ್ಲಿ ಇರುವ ಫೋಟೊಗಳೆಲ್ಲ ಅಂಥವೇ.

ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದ ದಿನ ಗುಬ್ಬಿ ಬಸ್ಸಿನಲ್ಲಿ ಒಂದೇ ಮಾತು ಆಡಿದಳು. "ನಂಗೆ ಅಮ್ಮನ ಆ ಬಾಯಿ ಬೇಕು ದೊಡ್ಡಮ್ಮ. ಅದನ್ನ ಉಳಿಸ್ಕೋತೀನಿ."

ಒಪ್ಪಿಸುವ ಕೆಲಸಕ್ಕೆ ಅಮ್ಮನ ಮುಖವನ್ನೇ ಆರಿಸಿಕೊಂಡಳು. ರೂಪ ಕೊಡುವುದು ಶಿಲ್ಪದ ಕೋಣೆಯಲ್ಲಿ ಕಲಿತ ಹಾಗೆ, ಸುಡುವುದು ಕುಂಬಾರಿಕೆಯ ಗೂಡಿನಲ್ಲಿ. ಶಿಲ್ಪದ ಕೋಣೆಯ ಮೂಲೆಯಲ್ಲಿ ಹಳೆಯ ಮಣ್ಣಿನ ತೊಟ್ಟಿಯೊಂದಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ದುಡ್ಡಿಲ್ಲ. ಅದರಲ್ಲಿ ಎರಡು ಬಕೆಟ್ ತುಂಬಿಕೊಂಡು ಬಂದಳು.

ನಾನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ, ಕಿಟಕಿಯ ಬೆಳಕಿಗೆ, ತಂಗಿಯನ್ನು ದಿಂಬಿಗೊರಗಿಸಿ ಕೂರಿಸುತ್ತಿದ್ದೆವು.

"ಮೂಗು ಸ್ವಲ್ಪ ಚಿಕ್ಕದು ಮಾಡೇ. ಮಣ್ಣೂ ಉಳಿಯುತ್ತೆ."

"ಅಲ್ಲಾಡಬೇಡಮ್ಮ."

"ಇದನ್ನ ಆಮೇಲೆ ಬೆಂಕಿಗೆ ಹಾಕ್ತಾಳಂತೆ ಅಕ್ಕ. ನಾನು ಹೋಗೋವರೆಗೂ ಕಾಯೋ ತಾಳ್ಮೆ ಇಲ್ಲ ನೋಡು."

ಅವಳೊಬ್ಬಳೇ ನಕ್ಕಳು. ಆದರೆ ಆ ಮಾತಿಗೆ ಮೊದಲು ತುಟಿ ಎದ್ದಿತ್ತಲ್ಲ, ಗುಬ್ಬಿಯ ಹೆಬ್ಬೆರಳು ಅದನ್ನು ಹಿಡಿದುಬಿಟ್ಟಿತು. ಮೇಜಿನ ಆಚೆಯಿಂದ ನೋಡಿದ ನನಗೆ, ಮಣ್ಣು ಈಗ ನನ್ನನ್ನೇ ಏನೋ ಅನ್ನುತ್ತದೆ ಅನ್ನಿಸಿತು.

ಹಿಂಬದಿಯಿಂದ ಟೊಳ್ಳು ಮಾಡಿ, ಬಟ್ಟೆ ಮುಚ್ಚಿ, ನಿಧಾನವಾಗಿ ಒಣಗಲು ಇಟ್ಟಳು. ಅದು ಒಣಗುವ ಮೊದಲೇ ತಂಗಿ ಹೋದಳು. ಬೆಳಿಗ್ಗೆ ನಾನು ಬಿಸಿನೀರು ಹಿಡಿದು ಹೋದಾಗ ಕೈ ತಣ್ಣಗಿತ್ತು. ಅಷ್ಟೇ.

ಮುಖ ಗೂಡಿನಿಂದ ಒಂದು ಬಿರುಕೂ ಇಲ್ಲದೆ, ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಬಂತು. ಬಟ್ಟೆಯ ಸುರುಳಿಗಳ ಮೇಲಿನ ಹಲಗೆಯಲ್ಲಿಟ್ಟೆವು. ಕತ್ತರಿ ಆಡಿಸುತ್ತಾ ಗಿರಾಕಿಗಳ ಚಾಡಿಯನ್ನೆಲ್ಲ ನಾನು ಅದಕ್ಕೆ ಹೇಳುತ್ತಿದ್ದೆ. ಗುಬ್ಬಿ ಕಾಲೇಜಿಗೆ ಹೊರಡುವಾಗ ಅದರ ಕೆನ್ನೆ ಮುಟ್ಟಿ ಹೋಗುತ್ತಿದ್ದಳು.

ಒಂದು ದಿನ ಬಿಳಿ ಬಟ್ಟೆಯ ಮೇಲೆ ಉಗುರಿನಷ್ಟು ಕೆಂಪು ಚಕ್ಕೆ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಕೆನ್ನೆಯಲ್ಲಿ ಗುಳಿ, ಗುಳಿಯ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ನಾನೇ ಎಲ್ಲೋ ಬಟ್ಟೆ ಸುರುಳಿ ತಾಗಿಸಿದೆ ಎಂದುಕೊಂಡು ನನ್ನನ್ನೇ ಬೈದುಕೊಂಡೆ. ಆಮೇಲೆ ಗಲ್ಲ. ಆಮೇಲೆ ಎದ್ದ ತುಟಿ.

ಗುಬ್ಬಿ ಅದನ್ನು ಅಪ್ಪಿಕೊಂಡು ಕುಂಬಾರಿಕೆಯ ಮೇಷ್ಟ್ರ ಹತ್ತಿರ ಓಡಿದಳು. ತಿರುಗಿ ಬಂದವಳು ಚಪ್ಪಲಿಯನ್ನೂ ಬಿಡದೆ ನೆಲದ ಮೇಲೆ ಕೂತಳು.

"ಮಣ್ಣು ಎಲ್ಲಿಂದ ತಂದೆ ಅಂತ ಕೇಳಿದ್ರು. ಹೇಳಿದೆ. ಅವರು ಕುರ್ಚಿ ಎಳ್ಕೊಂಡು ಕೂತುಬಿಟ್ರು."

ವಿಷಯ ಇಷ್ಟು. ಶಿಲ್ಪದ ಕೋಣೆಯವರು ಮಣ್ಣನ್ನು ಸುಡುವುದೇ ಇಲ್ಲ. ಮಣ್ಣಿನಲ್ಲಿ ರೂಪ ಮಾಡಿ, ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಮಣ್ಣನ್ನು ಮತ್ತೆ ತೊಟ್ಟಿಗೆ ಹಾಕುತ್ತಾರೆ. ಅದರಲ್ಲಿ ಪ್ಲಾಸ್ಟರಿನ ಪುಡಿ ಬೆರೆತರೆ ಅವರಿಗೇನೂ ನಷ್ಟವಿಲ್ಲ. ಕುಂಬಾರಿಕೆಯವರು ಆ ಪುಡಿ ತಮ್ಮ ಮಣ್ಣಿಗೆ ಬೀಳದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಬೆಂಕಿಯಲ್ಲಿ ಬೆಂದ ಪುಡಿ ಹೊರಬಂದ ಮೇಲೆ ಗಾಳಿಯ ತೇವ ಕುಡಿದು ಊದಿ, ಮೇಲಿನ ಪದರವನ್ನು ಎಬ್ಬಿಸಿಬಿಡುತ್ತದೆ. ಕುಂಬಾರಿಕೆಯ ಕೋಣೆಯಲ್ಲಿ ಇದು ಎಲ್ಲರಿಗೂ ಗೊತ್ತು, ಆದ್ದರಿಂದ ಯಾರೂ ಹೇಳುವುದಿಲ್ಲ. ಗುಬ್ಬಿ ಎರಡೂ ಕೋಣೆಗೆ ಹೋದವಳು, ಯಾವುದರಲ್ಲೂ ಬೇರೂರಿ ಕೂತವಳಲ್ಲ.

"ನಿಲ್ಸಕ್ಕೆ ಆಗಲ್ವಾ?"

"ಒಳಗಿರೋ ಪುಡಿಯೆಲ್ಲ ಮುಗಿದ ಮೇಲೆ ತಾನೇ ನಿಲ್ಲುತ್ತಂತೆ."

"ಸರಿ, ನಿಂತ ಮೇಲೆ ತೇಪೆ ಹಾಕೋಣ," ಎಂದೆ. ನನ್ನ ಕಸುಬಿನಲ್ಲಿ ಹರಿದದ್ದನ್ನು ಎಸೆಯುವ ಪದ್ಧತಿಯಿಲ್ಲ.

ನಿಂತಿತು. ಇಟ್ಟಿಗೆಯ ಪುಡಿಗೆ ಅಂಟು ಕಲಸಿ ಅವಳು ಕೂತಳು. ಕೆನ್ನೆ ತುಂಬಿದಳು, ಗಲ್ಲ ತುಂಬಿದಳು. ಗುರುತೇ ಸಿಗದ ಹಾಗೆ ಬಂತು. ತುಟಿ ಮಾತ್ರ ಕೂಡಿಬರಲಿಲ್ಲ. ಒಂದು ಸಲ ಮಾಡಿದಳು, ಯಾರೋ ನೆಂಟರಾಕೆಯ ಹಾಗಾಯಿತು. ಕೆರೆದು ಮತ್ತೆ ಮಾಡಿದಳು, ಅತ್ತುಬಿಡುವವಳ ಬಾಯಿ ಬಂತು. ಮೂರನೆಯ ಸಲ ಮಾಡಿ, ಹಿಂದೆ ಸರಿದು ನೋಡಿ, ನನ್ನ ಕಡೆ ತಿರುಗಿದಳು.

"ಇದು ನಿನ್ನ ಬಾಯಿ ದೊಡ್ಡಮ್ಮ. ಎದುರಿಗೆ ನೀನಿದ್ದೀಯ, ಅದಕ್ಕೆ ಕೈ ಅಲ್ಲಿಗೇ ಹೋಗುತ್ತೆ. ಅಮ್ಮಂದು ಹೇಗಿತ್ತು? ನೀನಾದ್ರೂ ಹೇಳು."

ಆ ತುಟಿ ಏಳುವುದನ್ನು ನಾನು ತಂಗಿ ತೊಟ್ಟಿಲಲ್ಲಿದ್ದಾಗಿನಿಂದ ಕಂಡವಳು. ಹೇಳೋಣವೆಂದು ಬಾಯಿ ತೆರೆದೆ. ಏಳುತ್ತಿತ್ತು ಎಂಬುದು ಗೊತ್ತು. ಎಷ್ಟು, ಹೇಗೆ, ಜೊತೆಗೆ ಕೆನ್ನೆಯೂ ಮಡಿಯುತ್ತಿತ್ತೇ, ಒಂದೂ ಕಣ್ಣಿಗೆ ಬರಲಿಲ್ಲ.

"ಗೊತ್ತಿಲ್ಲ ಮಗಳೇ," ಎಂದೆ.

ಅವಳು ನನ್ನ ಬಾಯಿಯನ್ನು ಕೆರೆದು ತೆಗೆದಳು. ಮುಖವನ್ನು ಹಾಗೆಯೇ ಒಪ್ಪಿಸಿದಳು. ಬೇಕೆಂದೇ ಹೀಗೆ ಮಾಡಿದ್ದೋ ಎಂದು ಪರೀಕ್ಷಕರು ಕೇಳಿದರಂತೆ. ಇಲ್ಲ, ಮಣ್ಣು ತಪ್ಪಾಯಿತು ಎಂದಳಂತೆ.

ಗುಬ್ಬಿ ಪಾಸಾದಳು. ಈಗ ಯಾವ ಹೊಸ ಕೋಣೆಗೆ ಹೋದರೂ, ಇಲ್ಲಿ ಯಾವುದಕ್ಕೆ ಏನು ಬೆರೆಯಬಾರದು ಎಂದು ಮೊದಲು ಕೇಳುತ್ತಾಳೆ. ಅಷ್ಟು ಕಲಿತಳು. ಹಣೆ, ಕಣ್ಣು, ಮೂಗು ಉಳಿದಿವೆ. ಬಾಯಿ ಹೋಯಿತು.