ಓರೆಸ್ಟನ ಜೇಬಿನ ಪಟ್ಟಿ

ನೋರೀನ್ ಕೊವಾಲ್‌ಚುಕ್ ಎಂಬ ಸಂಶೋಧಕಿ ಮದ್ದು ಕೊಟ್ಟ ಹತ್ತು ಇಲಿಗಳಲ್ಲಿ ಒಂಬತ್ತರ ಕ್ಯಾನ್ಸರ್ ಗಡ್ಡೆ ಕರಗಿತ್ತು. ಕೊಡದ ಹತ್ತರಲ್ಲಿ ಒಂದರದ್ದೂ ಇಲ್ಲ. ವಿನ್ನಿಪೆಗ್‌ನ ನಮ್ಮ ಪ್ರಯೋಗಾಲಯದಲ್ಲಿ ಇಂಥ ಅಂಕಿ ಬಂದರೆ ಕೇಕ್ ತರಿಸುವ ರೂಢಿ, ತರಿಸಿದೆವು. ದೇಹದ ರೋಗನಿರೋಧಕ ಕೋಶಗಳನ್ನು ಗಡ್ಡೆಯ ಮೇಲೆ ಛೂ ಬಿಡುವ ಮದ್ದು ಅದು. ಜೂನ್‌ಗೆ ಅವಳ ನೇಮಕ ಮುಗಿಯುತ್ತಿತ್ತು. ಶುಕ್ರವಾರ ಅನುದಾನ ಸಮಿತಿಯೆದುರು ಗೆದ್ದರೆ ಇನ್ನೆರಡು ವರ್ಷ.

ಪಂಜರ ನೋಡಿಕೊಳ್ಳುವ ಮುದುಕ ಓರೆಸ್ಟ್ ಎರಡನೇ ತುಂಡು ಕೇಕಿಗೆ ಕೈಹಾಕುತ್ತ, "ಬದುಕಿದ್ದು ಯಾವು? ಮೇಲ್ಗಡೆ ಎರಡು ಪಂಜರದವಾ?" ಎಂದ.

"ಹೌದು. ಮದ್ದಿನವೆಲ್ಲ ಅಲ್ಲೇ ಇಟ್ಟಿದ್ದೆ. ಚುಚ್ಚೋಕೆ ಸುಲಭ" ಎಂದಳು ನೋರೀನ್.

"ಅದೇ ಅಂದ್ಕೊಂಡೆ. ಒಂದರ ಹಿಕ್ಕೆ ಇನ್ನೊಂದು ತಿಂದು ಎಲ್ಲವೂ ಒಂದೇ ಹೊಟ್ಟೆ ಆಗಿವೆ ತಾಯಿ!"

ಎಲ್ಲರೂ ನಕ್ಕರು. ನೋರೀನ್ ಫೋರ್ಕ್ ಕೆಳಗಿಟ್ಟಳು. ಒಂದೇ ಪಂಜರದ ಇಲಿಗಳಿಗೆ ಹಿಕ್ಕೆಯ ಮೂಲಕ ಕರುಳಿನ ಸೂಕ್ಷ್ಮಜೀವಿಗಳು ಹಂಚಿಹೋಗುತ್ತವೆ, ಅವು ಬದಲಾದರೆ ರೋಗನಿರೋಧಕ ಕೋಶಗಳ ಕಾದಾಟವೂ ಬದಲಾಗುತ್ತದೆ. ಗಡ್ಡೆ ಕರಗಿಸಿದ್ದು ಮದ್ದೋ, ಹಿಕ್ಕೆಯೋ?

"ಶುಕ್ರವಾರ ಅದನ್ನ ಯಾರು ಕೇಳ್ತಾರೆ, ಬಿಡು" ಎಂದ ನಮ್ಮ ಯಜಮಾನ ಹ್ಯೂಬರ್ಟ್, ಬಾಯ್ತುಂಬ ಕೇಕ್.

"ನಾನೇ ಕೇಳ್ತೀನಿ, ಹ್ಯೂಬರ್ಟ್."

ಕೇಳಿಯೂ ಬಿಟ್ಟಳು, ಸಮಿತಿಯ ಎದುರೇ. ಹಿಕ್ಕೆ ಎಂಬ ಮಾತು ಆ ಸಭಾಂಗಣದಲ್ಲಿ ಅಷ್ಟು ಗಂಭೀರವಾಗಿ ಹಿಂದೆಂದೂ ಉಚ್ಚಾರವಾಗಿರಲಿಕ್ಕಿಲ್ಲ. "ಸರಿಪಡಿಸಿ ತನ್ನಿ, ಆಮೇಲೆ ನೋಡೋಣ" ಎಂದರು.

ಹೊಸ ಇಪ್ಪತ್ತು ಇಲಿಗಳು ಬಂದವು. ಈ ಸಲ ಪ್ರತಿ ಪಂಜರದಲ್ಲೂ ಮದ್ದಿನವು, ಬರೀ ಉಪ್ಪುನೀರಿನವು ಬೆರಕೆ. ಓರೆಸ್ಟ್ ಕಿವಿಗುರುತು ಬರೆದು ತುಂಬಿಟ್ಟ, ನೋಡಲು ಒಂದೇ ಥರದ ಸಿರಿಂಜುಗಳನ್ನು ಚುಚ್ಚುವ ಕೆಲಸ ನನಗೆ ವಹಿಸಿದಳು. ಯಾವ ಕಿವಿಗುರುತಿಗೆ ಯಾವುದು ಎಂಬ ಪಟ್ಟಿ ಓರೆಸ್ಟನ ಜೇಬು ಸೇರಿತು. ಅವಳು ಐದು ವಾರ, ಭಾನುವಾರವೂ ಬಿಡದೆ, ಯಾವುದು ಏನೆಂದು ತಿಳಿಯದೆ ಗಡ್ಡೆ ಅಳೆದಳು.

"ಒಂದೇ ಒಂದು ಸಲ ತೋರಿಸು ಅಂದ್ರೆ?" ಎಂದು ನಾನೇ ಅವಳ ಪರವಾಗಿ ಓರೆಸ್ಟನನ್ನು ಪುಸಲಾಯಿಸಿದೆ.

"ಅವಳೇ ಕೇಳ್ಲಿಲ್ಲ. ನಿನಗ್ಯಾಕಯ್ಯ ಹೊಟ್ಟೆನೋವು?"

ಕೊನೆಯ ಅಳತೆ ಬರೆದಾದ ಮೇಲೆ ಓರೆಸ್ಟ್ ಮಡಿಕೆ ಸವೆದ ಆ ಕಾಗದ ಬಿಡಿಸಿದ. ಮದ್ದಿನ ಹತ್ತರಲ್ಲಿ ಆರು ಗೆದ್ದಿದ್ದವು. ಉಪ್ಪುನೀರಿನವುಗಳಲ್ಲಿ ಒಂದು.

"ಒಂಬತ್ತು ಹೋಗಿ ಆರಾಯ್ತಲ್ಲೇ!" ಎಂದ ಹ್ಯೂಬರ್ಟ್.

"ಇರ್ಲಿ. ಇವು ಮದ್ದಿಂದ ಬದುಕಿದವು ಅಂತ ಎದೆ ತಟ್ಟಿ ಹೇಳ್ಬಹುದು."

ಸಮಿತಿ ಎರಡರ ಬದಲು ಒಂದು ವರ್ಷ ಕೊಟ್ಟಿತು. ಕೇಕ್ ತರಿಸಲಿಲ್ಲ, ಓರೆಸ್ಟ್ ಮನೆಯಿಂದ ಪೆರೋಗಿ, ಆಲೂಗಡ್ಡೆ ತುಂಬಿದ ಕಡುಬು, ತಂದ. ಅದನ್ನು ತಿನ್ನುತ್ತಲೇ ನೋರೀನ್ ಇನ್ನೂ ನಲವತ್ತು ಇಲಿಗಳಿಗೆ ಬೇಡಿಕೆ ಬರೆದಳು, ಖಾಲಿ ಹಾಳೆಯೊಂದನ್ನು ಓರೆಸ್ಟನತ್ತ ಸರಿಸಿದಳು.