ಮದುವೆ ಕ್ಯಾಸೆಟ್ಟಿನ ತುದಿಯ ಸುದ್ದಿ

ಸಂಕಲನ ಕೋಣೆಯ ಪರದೆಯ ಮೇಲೆ ಕಸ್ತೂರಿಬಾಯಿಯ ಮದುವೆ ಮುಗಿಯಿತು. ಕೊನೆಯ ಅಕ್ಷತೆ ಬಿದ್ದ ಮೇಲೆ ಚಿತ್ರ ಒಮ್ಮೆ ನಡುಗಿ, ಯಾವುದೋ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತ ತೆಳ್ಳನೆಯ ಯುವಕ ಕಾಣಿಸಿದ. ಅವನ ಹಿಂದೆ ಡಿಶ್ ಆಂಟೆನಾ, ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ.

"ನಮಸ್ಕಾರ. ನಾನು ಗೌಸಮೊಹಿದ್ದೀನ. ಇಂದಿನ ಆಳಂದದ ಸುದ್ದಿ. ನಾಳೆ ಹತ್ತು ಗಂಟೆಯಿಂದ ಕರೆಂಟು ಇರುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಮ್ಮೆ ಸಿಕ್ಕಿದೆ. ಬಲಗೊಂಬು ಕೆಳಕ್ಕೆ ಬಾಗಿದೆ. ಕಳೆದುಕೊಂಡವರು ಗುರುತು ಹೇಳಿ ಒಯ್ಯಬೇಕು."

"ಗುರುತು ತಾನ ಹೇಳಿಬಿಟ್ನಲ್ರಿ ಮೇಡಂ," ಎಂದು ಸಂಕಲನಕಾರ ಅಜೀಮ ನಕ್ಕ. "ಇನ್ನ ಯಾರ್ ಬೇಕಾದ್ರೂ ಒಯ್ತಾರ."

ಪಕ್ಕದಲ್ಲಿದ್ದ ಭಾಗ್ಯಜ್ಯೋತಿ ನಗಲಿಲ್ಲ. ಅವಳು ಆ ಯುವಕ ಓದುವಾಗ ಎಲ್ಲೆಲ್ಲಿ ಉಸಿರು ನಿಲ್ಲಿಸುತ್ತಾನೆಂದು ಕೇಳುತ್ತಿದ್ದಳು. ಅಷ್ಟರಲ್ಲಿ ಚಿತ್ರದ ಹೊರಗಿನಿಂದ ದಪ್ಪ ದನಿಯೊಂದು ಬಂತು. "ಲೇ ಗೌಸ್ಯಾ, ನಾಳಿ ಮುಂಜಾನಿ ಒಳಗ ಈ ತಾಟ ನನ್ನ ಮಾಳಗಿ ಮ್ಯಾಲಿಂದ ಇಳಸಲಿಲ್ಲಂದ್ರ ಗುಜರಿಯವಗ ಕೊಡ್ತೇನಿ ನೋಡು." ಯುವಕ ತಲೆ ಎತ್ತದೆ, "ಪ್ರೇಕ್ಷಕರು ಕ್ಷಮಿಸಬೇಕು," ಎಂದು ಓದು ಮುಂದುವರಿಸಿದ.

ಆ ದಪ್ಪ ದನಿ ಮಲ್ಲಣ್ಣನದು. ತ್ರಿವೇಣಿ ದರ್ಶನ ವಾಹಿನಿಯ ಆಫೀಸಿನಲ್ಲಿ ಹಾರ ಹಾಕಿದ ಫೋಟೋದೊಳಗಿರುವ, ಸಂಸ್ಥಾಪಕರೆಂದು ಕೆಳಗೆ ಬರೆಸಿಕೊಂಡಿರುವ ಅದೇ ಮಲ್ಲಣ್ಣ.

ವಾಹಿನಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಮಲ್ಲಣ್ಣನ ಮಗ ಸುನೀಲಕುಮಾರ ಅದರ ಇತಿಹಾಸದ ಚಿತ್ರ ಮಾಡಿಸುತ್ತಿದ್ದ. ಇತಿಹಾಸವೇನೋ ಅವನ ಬಾಯಲ್ಲಿ ಸಿದ್ಧವಿತ್ತು, ಹಳೆಯ ದೃಶ್ಯಗಳು ಮಾತ್ರ ಒಂದೂ ಇರಲಿಲ್ಲ. ಮೊದಲ ದಿನಗಳಲ್ಲಿ ಗೌಸಮೊಹಿದ್ದೀನ ಮದುವೆಗಳ ವೀಡಿಯೊ ತೆಗೆಯುತ್ತಿದ್ದ. ಮದುವೆ ಮುಗಿದು ಟೇಪು ಉಳಿದರೆ ಅದರ ತುದಿಗೆ ಅಂದಿನ ಸುದ್ದಿ ಓದಿ, ಸಂಜೆ ಕೇಬಲ್ಲಿಗೆ ಹಾಕಿ, ಅಳಿಸುವುದನ್ನು ಮರೆತು ಕ್ಯಾಸೆಟ್ಟನ್ನು ಹಾಗೆಯೇ ಮದುವೆ ಮನೆಯವರಿಗೆ ಕೊಟ್ಟುಬಿಡುತ್ತಿದ್ದ. ಹೀಗೆ ವಾಹಿನಿಯ ಬಾಲ್ಯ ಊರಿನವರ ಟ್ರಂಕುಗಳಲ್ಲಿ, ಮದುವೆ ಸೀರೆಗಳ ಕೆಳಗೆ ಉಳಿದಿತ್ತು. ಕ್ಯಾಸೆಟ್ ಕೊಡಲು ಖಜೂರಿಯಿಂದ ಬಂದ ಕಸ್ತೂರಿಬಾಯಿ, "ಎಮ್ಮಿ ಸುದ್ದಿ ಮುಗಿಯೋತನಕ ನಮ್ಮ ಮನ್ಯಾಗ ಯಾರೂ ಏಳ್ತಿದ್ದಿಲ್ರಿ, ಅದೂ ಮದುವ್ಯಾಗಿಂದ ಅಂತ ತಿಳಿದಿದ್ವಿ," ಎಂದಿದ್ದಳು.

ಕೇಬಲ್ ನಾನೂರು ಮನೆ ಮುಟ್ಟಿದಾಗ ಮಲ್ಲಣ್ಣನಿಗೆ ಆ ಆಂಟೆನಾ ತಾಟಿನ ಮೇಲೆ ಪ್ರೀತಿ ಹುಟ್ಟಿತು. ಮಾಳಿಗೆ ನನ್ನದು ಎಂದು ಲೈಸೆನ್ಸ್ ತನ್ನ ಹೆಸರಿಗೆ ಬರೆಸಿಕೊಂಡ. ಗೌಸಮೊಹಿದ್ದೀನ ಕೆಲಸ ಕಳೆದುಕೊಂಡು ಮನೆ ಸೇರಿದ. ಈಗ ವಾಹಿನಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಬರುತ್ತದೆ. ಬೆಳಿಗ್ಗೆ ರಾಶಿಫಲ, ಮಧ್ಯಾಹ್ನ ಅಂಗಡಿ ಉದ್ಘಾಟನೆ, ಸಂಜೆ ಪುಢಾರಿಗಳ ಹುಟ್ಟುಹಬ್ಬ. ಯಾರಿಗಾದರೂ ಶಾಲು ಹೊದಿಸಿದರೆ ಸುದ್ದಿ, ಇಲ್ಲವಾದರೆ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದನ್ನೆಲ್ಲ ಓದುತ್ತ ಬಂದವಳು ಭಾಗ್ಯಜ್ಯೋತಿ. ನಸುಕಿನಲ್ಲಿ ವಚನ ಹೇಳುತ್ತಿದ್ದ ಅಜ್ಜಿಯ ಮಗ್ಗುಲಲ್ಲಿ ಕುಳಿತು ಅವಳು ಮಾತಿನ ನಡುವೆ ಎಲ್ಲಿ ಉಸಿರು ನಿಲ್ಲಿಸಬೇಕೆಂಬುದನ್ನು ಕಲಿತಿದ್ದಳು. ಅದೇ ಉಸಿರನ್ನು 'ಜನಪ್ರಿಯ ನಾಯಕರು, ಬಡವರ ಬಂಧು' ಎಂಬಲ್ಲಿ ನಿಲ್ಲಿಸಿ ಬದುಕಿದ್ದಳು.

ಸುನೀಲಕುಮಾರ ಕಿವಿಗೆ ಫೋನ್ ಹಿಡಿದೇ ಒಳಗೆ ಬಂದ. ಟೇಪನ್ನು ಒಮ್ಮೆ ನೋಡಿದ, ಅಪ್ಪನ ದನಿ ಕೇಳಿದ.

"ಅಪ್ಪಾಜಿ ಚಾಷ್ಟಿ ಮಾಡ್ಯಾರ," ಎಂದ. "ಅಜೀಮ, ಚಿತ್ರ ಇರ್ಲಿ. ದನಿ ತೆಗಿ. ಮೇಡಂ, ಅದರ ಮ್ಯಾಲ ನೀವು ಓದಿಬಿಡ್ರಿ."

"ಏನಂತ ಓದ್ಲಿರಿ?"

"ಬರಸೇನಲ್ಲ. ಪೂಜ್ಯ ಮಲ್ಲಣ್ಣನವರು ತುಂಬು ಹೃದಯದಿಂದ ತಮ್ಮ ಮಾಳಿಗೆಯನ್ನೇ ನಾಡಿಗೆ ಅರ್ಪಿಸಿ, ಅಂತ. ಇವನ ಕೆಳಗ 'ಕ್ಯಾಮೆರಾ ಸಹಾಯಕ' ಅಂತ ಹಾಕ್ರಿ. ಪಾಪ, ಅವನದೂ ಮಾರಿ ಬರ್ಲಿ."

"ಶುರು ಮಾಡಿದವರು ಅವರ ಅಲ್ರಿ?"

"ಮೇಡಂ, ಇಪ್ಪತ್ತೆರಡ ವರ್ಷ ನೀವು ಒಂದ ಮಾತ ತಿರುಗಿ ಕೇಳಿಲ್ಲ," ಎಂದ ಸುನೀಲಕುಮಾರ, ನಗುತ್ತಲೇ. "ಕೇಳೋರ್ನ ಇಟ್ಕೊಳ್ಳೋದಿದ್ರ ಸಣ್ಣ ಹುಡುಗ್ಯಾರು ಬಾಳ ಮಂದಿ ಅರ್ಜಿ ಕೊಟ್ಟಾರ."

ಮರುದಿನ ಅವಳು ಗೌಸಮೊಹಿದ್ದೀನನ ಮನೆಗೆ ಹೋದಳು. ಅರವತ್ತರ ಹತ್ತಿರ ಬಂದಿದ್ದ ಅವನು ಬಾಗಿಲಲ್ಲಿ ಕುಳಿತು ಯಾರದೋ ಮಿಕ್ಸರ್ ಬಿಚ್ಚಿಕೊಂಡಿದ್ದ. ವಿಷಯ ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಸಹಾಯಕ? ಯಾರಿಗ್ರಿ ಸಹಾಯಕ? ಆ ಮಲ್ಲಣ್ಣಗ ರಿಮೋಟ್ ಹಿಡಿಯಾಕ ಬರ್ತಿದ್ದಿಲ್ಲ. ತಿರುವಿ ಹಿಡಿದು ತನ್ನ ಹೊಟ್ಟಿಗಿ ಒತ್ತತಿದ್ದ, ಚಾನಲ್ ಬದಲಾಗವಲ್ದು ಅಂತ ನನಗ ಬೈತಿದ್ದ." ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡು, "ಹೆಸರ ಹೋಗ್ಲಿ ಬಿಡ್ರಿ. ದನಿ ಇದ್ದಿದ್ರ ಚಲೋ ಇತ್ತು. ನನ್ನ ಹೆಂಡ್ತಿ ವಜೀರು ಒಮ್ಮಿನೂ ಕೇಳಿಲ್ಲ. ಕೇಬಲ್ ವೈರು ನಮ್ಮ ಗಲ್ಲಿಗಿ ಇನ್ನ ಎರಡ ಕಂಬ ಇರೋವಾಗ ಮುಗೀತು. ಮುಂದ ತರೋದ್ರಾಗ ನನ್ನ ತೆಗೆದ್ರು," ಎಂದ.

ಒಳಗಿನಿಂದ ಅವನ ಹೆಂಡತಿ ವಜೀರುನ್ನಿಸಾ ಕೂಗಿದಳು. "ನೀವು ನಂಬಬ್ಯಾಡ್ರಿ ಅಕ್ಕಾರ. ಮನ್ಯಾಗ ರೇಷನ್ ಚೀಟಿ ಓದಾಕ ತಡವರಸ್ತಾರ. ಇವರು ಊರಿಗೆಲ್ಲ ಸುದ್ದಿ ಓದಿದ್ರಂತ. ಇಪ್ಪತ್ತೈದ ವರ್ಷ ಆತು, ಇದೊಂದ ಕತಿ ಮುಗಿಯವಲ್ದು."

ಗೌಸಮೊಹಿದ್ದೀನ ನಕ್ಕ. ಆ ನಗುವನ್ನು ಕೇಳಿದ ಮೇಲೆ ಭಾಗ್ಯಜ್ಯೋತಿ ತನಗೆ ಕೊಟ್ಟಿದ್ದ ಚಹಾವನ್ನು ಹಾಗೆಯೇ ಬಿಟ್ಟು ಎದ್ದಳು.

ಧ್ವನಿಮುದ್ರಣದ ದಿನ ಅವಳು ಎಲ್ಲವನ್ನೂ ಓದಿದಳು. ಶಾಲುಗಳನ್ನು, ಪ್ರಶಸ್ತಿಗಳನ್ನು, ಮೂರು ತಾಲೂಕುಗಳ ಮನೆಮಾತನ್ನು. ಮಾಳಿಗೆಯ ದೃಶ್ಯ ಬಂದಾಗ ಹಾಳೆ ತಿರುವಿ ಸುಮ್ಮನೆ ಕುಳಿತಳು.

ಗಾಜಿನ ಆಚೆಯಿಂದ ಅಜೀಮ ಹೇಳಿದ. "ಮೇಡಂ, ಇಲ್ಲಿ ನಲವತ್ತ ಸೆಕೆಂಡ್ ಅದ."

"ಗೊತ್ತದ."

"ಓದ್ರಿ ಮತ್ತ."

"ಅಲ್ಲಿ ಒಬ್ಬರು ಓದಾಕತ್ಯಾರಲ್ಲಪ್ಪ. ನಡುವ ನಾ ಹ್ಯಾಂಗ ಬಾಯಿ ಹಾಕ್ಲಿ?"

ಅಜೀಮ ಬಾಗಿಲ ಕಡೆ ನೋಡಿದ. "ನನ್ನ ನೌಕರಿನೂ ಹೋಗ್ತದ್ರಿ."

"ಆಕಿ ಓದ್ಲಿಲ್ಲ, ಖಾಲಿ ಬಿಡಬಾರದಂತ ಹಳೆ ದನಿ ಬಿಟ್ಟೆ ಅನ್ನು. ನನ್ನ ಹೆಸರ ಹೇಳು."

"ಸಾಹೇಬ್ರು ಪೂರಾ ನೋಡಿದ್ರ?"

"ನೋಡೋದಿಲ್ಲ."

ನೋಡಲಿಲ್ಲ. ಸುನೀಲಕುಮಾರ ಚಿತ್ರವನ್ನು ಮೊದಲಿಗೇ ಬರುವ ತನ್ನ ಭಾಷಣ ಮುಗಿಯುವವರೆಗೆ ಮಾತ್ರ ಎರಡು ಸಲ ನೋಡಿದ, ತನ್ನ ಕೆನ್ನೆ ಕಪ್ಪು ಕಾಣುತ್ತದೆಂದು ಬೆಳಕು ಹೆಚ್ಚಿಸಿದ, ಮತ್ತೆ ಫೋನ್ ಹಿಡಿದ.

ಭಾನುವಾರ ನಾಲ್ಕು ಗಂಟೆಗೆ ಜೇವರ್ಗಿಯ ಕಲ್ಯಾಣಮಂಟಪದಲ್ಲಿ ಸಮಾರಂಭ. ಅಲ್ಲಿ ದೊಡ್ಡ ಪರದೆಯ ಮೇಲೆ ಚಿತ್ರ, ಮೂರೂ ತಾಲೂಕುಗಳಿಗೆ ನೇರ ಪ್ರಸಾರ. ನಿರೂಪಣೆ ಮಾಡಬೇಕಿದ್ದ ಭಾಗ್ಯಜ್ಯೋತಿ ಜೇವರ್ಗಿಗೆ ಹೋಗದೆ ಗೌಸಮೊಹಿದ್ದೀನನ ಮನೆಯ ಟಿವಿಯ ಮುಂದೆ ಚಾಪೆಯ ಮೇಲೆ ಕುಳಿತಿದ್ದಳು. ಅವನು ತಾನು ನೋಡುವುದಿಲ್ಲವೆಂದು ಬಾಗಿಲಾಚೆ ಮಿಕ್ಸರ್ ಹಿಡಿದುಕೊಂಡಿದ್ದ. ವಜೀರುನ್ನಿಸಾ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

ಮಾಳಿಗೆ ಬಂತು, ಕುರ್ಚಿ ಬಂತು. ಕೆಳಗೆ 'ಕ್ಯಾಮೆರಾ ಸಹಾಯಕ' ಎಂಬ ಅಕ್ಷರಗಳು ಹಾದುಹೋದವು. ಅವುಗಳ ಮೇಲೆಯೇ ಆ ತೆಳ್ಳನೆಯ ದನಿ ತನ್ನ ಹೆಸರು ಹೇಳಿತು, ಕರೆಂಟಿನ ಮಾತು ಹೇಳಿತು, ಎಮ್ಮೆಯ ಕೊಂಬಿನ ಮಾತು ಹೇಳಿತು. ಹಿಂದೆಯೇ ಸಂಸ್ಥಾಪಕರು ತಾಟನ್ನು ಗುಜರಿಗೆ ಕೊಡುವೆನೆಂದರು.

ಮಂಟಪದಲ್ಲಿ ಹಿಂದಿನ ಸಾಲುಗಳಿಂದ ನಗು ಎದ್ದಿತು. ಕ್ಯಾಮೆರಾ ವೇದಿಕೆಗೆ ತಿರುಗಿತು. ನಗುವನ್ನು ಮೆಚ್ಚುಗೆ ಎಂದುಕೊಂಡು ಸುನೀಲಕುಮಾರ ಎದ್ದು ಕೈಮುಗಿದ. ಪಕ್ಕದವನು ಕಿವಿಯಲ್ಲಿ ಏನೋ ಹೇಳಿದ. ಮುಗಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಹಾಗೆಯೇ ನಿಂತ. ಮೂರು ತಾಲೂಕುಗಳು ಅದನ್ನು ನೋಡಿದವು.

ಭಾಗ್ಯಜ್ಯೋತಿ ಪಕ್ಕಕ್ಕೆ ತಿರುಗಿದಳು. ವಜೀರುನ್ನಿಸಾಳ ಬೆರಳುಗಳು ಬೇಳೆಯಲ್ಲಿ ನಿಂತಿದ್ದವು. ಅವಳು ಬಾಗಿಲಾಚೆ ಕುಳಿತ ಮುದುಕನ ಕಡೆ ನೋಡಲಿಲ್ಲ. ಕೈಗೆ ಹತ್ತಿದ ಬೇಳೆಯ ಪುಡಿಯನ್ನು ನಿಧಾನವಾಗಿ ಒರೆಸಿಕೊಂಡು, ದೊಡ್ಡವರು ಯಾರೋ ಎದುರಿಗೆ ಬಂದವರಂತೆ ಹೆಗಲ ಮೇಲಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.