ಆನ್ಸಿಯಲ್ಲಿ ಇಪ್ಪತ್ತೈದು ನಿಮಿಷ

"ನಾನು ಇದಕ್ಕೆ ಸಹಿ ಹಾಕಲ್ಲ," ಎಂದು ಸಂಪತ್ ಮಗಳನ್ನು ವಿದೇಶಕ್ಕೆ ಕರೆದೊಯ್ಯುವ ಒಪ್ಪಿಗೆ ಪತ್ರವನ್ನು ವಸುಧಾಳ ಕೈಗೇ ಮರಳಿ ಕೊಟ್ಟ. ಕ್ಯುಪರ್ಟಿನೋದ ಅವನ ಮನೆಯ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಒಳಗೆ ಮಗಳು ಶರಣ್ಯಾ ಪಿಯಾನೋದಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಾಗಿ ನುಡಿಸುತ್ತಿದ್ದಳು.

"ಟಿಕೆಟ್ಟು ಬುಕ್ ಆಗಿದೆ, ಸಂಪತ್. ಹತ್ತೇ ದಿನ."

"ಬುಕ್ ಮಾಡೋ ಮುಂಚೆ ಕೇಳ್ಬೇಕಿತ್ತು. ಹೋದ ಸಲ ಫ್ರಾನ್ಸಲ್ಲಿ ಅವಳೊಬ್ಬಳನ್ನೇ ಲೇಕ್ ಪಕ್ಕ ಬಿಟ್ಟು ಹೋಗಿದ್ಯಂತೆ. ಎಂಟು ವರ್ಷದ ಮಗೂನ. ಮೊನ್ನೆ ಏನೋ ಮಾತಿಗೆ ಅವಳೇ ಹೇಳಿದ್ಲು."

"ಬ್ರೆಡ್ಡು ತರೋಕೆ ಹೋಗಿದ್ದೆ. ಅಂಗಡೀಲಿ ಕ್ಯೂ ಇತ್ತು."

"ಅಷ್ಟು ಹೊತ್ತಾ?"

"ಕ್ಯೂ ಇತ್ತು ಅಂದ್ನಲ್ಲ."

ಸಂಪತ್ ಕೂಗಾಡುವವನಲ್ಲ. ವಿಚ್ಛೇದನದ ದಿನವೂ ಕೂಗಾಡಿರಲಿಲ್ಲ. ಶಾಲೆಗಾಗಿ ವಾರವಿಡೀ ಮಗಳು ಅವನ ಬಳಿ, ಶನಿವಾರ ಭಾನುವಾರ ವಾಲ್ನಟ್ ಕ್ರೀಕಿನಲ್ಲಿ ವಸುಧಾಳ ಬಳಿ ಎಂದು ತೀರ್ಮಾನವಾಗಿ ನಾಲ್ಕು ವರ್ಷವಾಗಿತ್ತು. ಈಗಲೂ ಅವನು, "ನೀನು ಹೋಗಿ ಬಾ. ಅವಳು ಇಲ್ಲಿರ್ತಾಳೆ," ಎಂದಷ್ಟೇ ಹೇಳಿ ಒಳಗೆ ಹೋದ.

ಅಂಗಡಿಯಲ್ಲಿ ಕ್ಯೂ ಇರಲಿಲ್ಲ. ಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಬ್ರೆಡ್ಡು ಎರಡೇ ನಿಮಿಷದಲ್ಲಿ ವಸುಧಾಳ ಕೈಗೆ ಬಂದಿತ್ತು. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಫ್ರೆಂಚ್ ಕಲಿತಿದ್ದವಳಿಗೆ ಆ ದೇಶ ನೋಡುವ ಆಸೆ ಹಳೆಯದು. ಆದರೆ ಪ್ಯಾರಿಸ್ಸಿನಿಂದ ಆನ್ಸಿಯವರೆಗೆ ಆರು ದಿನ ಅವಳು ನೋಡಿದ್ದು ಹೆಚ್ಚಾಗಿ ಬಾತ್‌ರೂಮುಗಳ ಬೋರ್ಡುಗಳನ್ನು. ಶರಣ್ಯಾಗೆ ಹಸಿವು, ಕಾಲುನೋವು, ಅಪ್ಪನ ನೆನಪು. ಏಳನೆಯ ದಿನ ಆನ್ಸಿಯ ಸರೋವರದ ಪಕ್ಕದ ಬೆಂಚಿನ ಮೇಲೆ ಅವಳ ಕೈಗೊಂದು ಪುಸ್ತಕ ಕೊಟ್ಟು, "ಐದೇ ನಿಮಿಷ, ಇಲ್ಲಿಂದ ಏಳ್ಬೇಡ," ಎಂದು ವಸುಧಾ ಮೂಲೆಯ ಅಂಗಡಿಗೆ ಹೋದಳು. ಪಕ್ಕದಲ್ಲೇ ಕೆಫೆ ಇತ್ತು. ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಕೂತಳು. ಕಾಫಿ ಬಂತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅದು ಮುಗಿದ ಮೇಲೆ ಇನ್ನೊಂದು ತರಿಸಿದಳು.

ಇಪ್ಪತ್ತೈದು ನಿಮಿಷದ ಮೇಲೆ ಮರಳಿ ಬಂದಾಗ ಮುದುಕಿಯೊಬ್ಬಳು ಶರಣ್ಯಾಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಿದ್ದಳು. "ಇವಳಿಗೆ ಎಂಟೇ ವರ್ಷವಂತೆ, ಮೇಡಂ," ಎಂದಳು ಫ್ರೆಂಚಿನಲ್ಲಿ. ವಸುಧಾಗೆ ಪೂರ್ತಿ ಅರ್ಥವಾಯಿತು. ಅರ್ಥವಾಗದವಳ ಹಾಗೆ ನಕ್ಕು, ಮಗಳಿಗೆ ಕ್ಯೂ ಇತ್ತೆಂದು ಹೇಳಿದಳು. ಶರಣ್ಯಾ ತಲೆಯಾಡಿಸಿ ಬ್ರೆಡ್ಡಿನ ತುದಿ ಮುರಿದುಕೊಂಡಳು.

ಈ ಸಲ ಜೂನಿನಲ್ಲಿ ವಸುಧಾ ಒಬ್ಬಳೇ ಫ್ರಾನ್ಸಿಗೆ ಹೊರಟಳು. ಒಂದೇ ಚಿಕ್ಕ ಬ್ಯಾಗು. ಲಿಯೋನ್‌ನಲ್ಲಿ ಹಸಿದಾಗ ಮಾತ್ರ ತಿಂದಳು, ಮಂಚದ ಅಡ್ಡಡ್ಡ ಮಲಗಿದಳು, ಒಂದು ವಸ್ತುಸಂಗ್ರಹಾಲಯದಲ್ಲಿ ಒಂದೇ ಚಿತ್ರದ ಮುಂದೆ ಮುಕ್ಕಾಲು ಗಂಟೆ ನಿಂತಳು. ಅವಳಿಗೆ ಸುಖವಾಗಿತ್ತು. ಅದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಲ್ಲಿ ಸಂಜೆಯಾದಾಗ ಕ್ಯುಪರ್ಟಿನೋದಲ್ಲಿ ಬೆಳಿಗ್ಗೆ. ಫೋನಿನಲ್ಲಿ ಶರಣ್ಯಾ ಸೀರಿಯಲ್ ತಿನ್ನುತ್ತ, "ಫನ್ ಇದ್ಯಾ, ಅಮ್ಮ?" ಎಂದು ಕೇಳುತ್ತಿದ್ದಳು. "ಹೂಂ, ಪುಟ್ಟ," ಎನ್ನುತ್ತಿದ್ದಳು ವಸುಧಾ. ಮೊದಲ ಮೂರು ದಿನ ಆ ಕರೆಯ ಹೊತ್ತು ಬಿಟ್ಟರೆ ಮಗಳ ನೆನಪು ಹೆಚ್ಚು ಬರಲಿಲ್ಲ.

ಆನ್ಸಿಯಲ್ಲಿ ಕೆಫೆ ಅಲ್ಲೇ ಇತ್ತು, ಮೇಜೂ ಅದೇ. ಕಾಫಿ ಬಂದ ಮೇಲೆ ವಸುಧಾ ತಲೆಯೆತ್ತಿ ಬೆಂಚಿನ ಕಡೆ ನೋಡಿದಳು. ಬೆಂಚು ಕಾಣಲಿಲ್ಲ. ಅಡ್ಡಕ್ಕೆ ಹಳೆಯ ಕಲ್ಲಿನ ಗೋಡೆಯಿತ್ತು. ಕುರ್ಚಿ ಸರಿಸಿದಳು, ಎದ್ದು ನಿಂತೂ ನೋಡಿದಳು. ಅವತ್ತು ಮಗು ತನ್ನ ಕಣ್ಣಳತೆಯಲ್ಲೇ ಇತ್ತು ಎಂದು ಮೂರು ವರ್ಷ ನಂಬಿಕೊಂಡು ಬಂದಿದ್ದಳು. ಕಾಫಿಯನ್ನು ಹಾಗೇ ಬಿಟ್ಟು ಸರೋವರದವರೆಗೆ ನಡೆದಳು. ಬೆಂಚಿನ ಮೇಲೆ ಗಂಡಹೆಂಡತಿ ಕೂತು ಹಣ್ಣು ಹೆಚ್ಚಿಕೊಂಡು ತಿನ್ನುತ್ತಿದ್ದರು. ಅವರ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು ಹೋಟೆಲಿಗೆ ಹಿಂದಿರುಗಿದಳು.

ಮನೆಗೆ ಮರಳಿದ ಮೇಲಿನ ಮೊದಲ ಶನಿವಾರ ಮಗಳನ್ನು ಕರೆತರಲು ಕ್ಯುಪರ್ಟಿನೋಗೆ ಹೋದಳು. ಶರಣ್ಯಾ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತಳು. ಫ್ರೀಮಾಂಟ್ ದಾಟಿ 680 ಫ್ರೀವೇಯ ಏರು ಶುರುವಾಗುವ ಹೊತ್ತಿಗೆ ಟ್ರಾಫಿಕ್ ನಿಂತುಹೋಯಿತು.

"ಶರಣ್ಯಾ, ಆವತ್ತು ಆನ್ಸೀಲಿ ಕ್ಯೂ ಇರ್ಲಿಲ್ಲ. ನಾನು ಕೆಫೇಲಿ ಕೂತಿದ್ದೆ. ಕಾಫಿ ಕುಡೀತಾ ಇದ್ದೆ. ಸುಮ್ನೆ."

"ಐ ನೋ," ಎಂದಳು ಶರಣ್ಯಾ.

ವಸುಧಾ ಕನ್ನಡಿಯಲ್ಲಿ ನೋಡಿದಳು. ಹನ್ನೊಂದು ವರ್ಷದ ಮುಖ ಕಿಟಕಿಯ ಕಡೆಗಿತ್ತು.

"ನೀನು ಬರ್ಲಿಲ್ಲ ಅಂತ ಎದ್ದು ಬಂದೆ. ಕೆಫೆ ಗ್ಲಾಸಲ್ಲಿ ಕಾಣ್ತಿದ್ದೆ. ಯು ಲುಕ್ಡ್ ಹ್ಯಾಪಿ. ಅದಕ್ಕೆ ವಾಪಸ್ ಹೋಗಿ ಕೂತ್ಕೊಂಡೆ."

"ಕರೀಬಾರ್ದಿತ್ತಾ, ಪುಟ್ಟ?"

"ಏಳ್ಬೇಡ ಅಂದಿದ್ಯಲ್ಲ."

ಹಿಂದಿನ ಕಾರಿನವನು ಹಾರ್ನ್ ಮಾಡಿದ. ವಸುಧಾ ಹತ್ತು ಅಡಿ ಮುಂದೆ ಹೋಗಿ ಮತ್ತೆ ನಿಲ್ಲಿಸಿದಳು.

"ಭಯ ಆಗಿತ್ತಾ?"

"ಆಮೇಲೆ ಆಯ್ತು. ಎ ಲಿಟಲ್."

"ಸಾರಿ, ಪುಟ್ಟ. ನಾಳೆ ನಿನ್ನ ಬಿಡೋಕೆ ಹೋದಾಗ ಅಪ್ಪಂಗೂ ಹೇಳ್ತೀನಿ."

"ದೆನ್ ಹಿ ವೋಂಟ್ ಸೈನ್. ಎವರ್."

"ಸಹಿ ಹಾಕದೇ ಇರಬಹುದು."

"ಆದ್ರೂ ಹೇಳ್ತೀಯಾ?"

"ಹೂಂ."

ಸುನೋಲ್ ಬಳಿ ವಸುಧಾ ಫ್ರೀವೇ ಬಿಟ್ಟು ಇಳಿದು, ರಸ್ತೆಯ ಅಂಚಿನ ಒಣಹುಲ್ಲಿನ ಪಕ್ಕ ಕಾರು ನಿಲ್ಲಿಸಿದಳು. ಅವಳ ಕೈಗಳು ಸ್ಟೀರಿಂಗಿನ ಮೇಲೇ ಇದ್ದವು. ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಶರಣ್ಯಾ ಸುತ್ತಿಬಂದು ಮುಂದಿನ ಸೀಟಿನಲ್ಲಿ ಕೂತಳು. ಸೀಟು ತೀರಾ ಹಿಂದಿತ್ತು. ಕೆಳಗೆ ಕೈ ಹಾಕಿ ಸರಿಸುವ ಹಿಡಿ ಹುಡುಕಿ, ತಾಯಿಯ ಸಾಲಿಗೆ ಬರುವವರೆಗೆ ಸೀಟನ್ನು ಮುಂದಕ್ಕೆ ಎಳೆದುಕೊಂಡಳು.